ಒಂದೇ ಗುಳಿಗೆ, ಎರಡು ಉತ್ತರ

ಊರಿನಲ್ಲಾಗಲಿ, ಪುಣೆ-ಮುಂಬಯಿಯಲ್ಲಾಗಲಿ, ಅರವತ್ತು ದಾಟಿದ ನಮ್ಮವರು ನಾಲ್ಕು ಜನ ಸೇರಿದರೆ ಮಾತು ಮಳೆ, ಮಕ್ಕಳು, ಮೊಣಕಾಲು ಎಲ್ಲ ದಾಟಿ ಕೊನೆಗೆ ಗುಳಿಗೆಗೆ ಬಂದು ನಿಲ್ಲುತ್ತದೆ. ಬಿಪಿಯದು ಒಂದು, ಶುಗರಿನದು ಒಂದು, ಜೊತೆಗೆ ‘ರಕ್ತ ತೆಳು ಮಾಡೋದು’ ಒಂದು. ಈ ಮೂರನೆಯದು ಹೆಚ್ಚಾಗಿ 75 ಮಿಲಿಗ್ರಾಂನ ಆಸ್ಪಿರಿನ್. ಅಗ್ಗದ್ದು, ಹಳೆಯದು, ಎಲ್ಲರಿಗೂ ಪರಿಚಯದ್ದು. ಹಾಗಾಗಿ ಅದನ್ನು ಯಾರೂ ದೊಡ್ಡ ಔಷಧವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. “ಒಂದು ಇರಲಿ ಬಿಡು” ಎಂದು ನುಂಗುವ ಗುಳಿಗೆ ಅದು.

ಈ ‘ಇರಲಿ ಬಿಡು’ ಸರಿಯೇ ಎಂದು ವೈದ್ಯಲೋಕ ಕಳೆದ ಕೆಲವು ವರ್ಷಗಳಲ್ಲಿ ಮತ್ತೆ ಕೂತು ಲೆಕ್ಕ ಹಾಕಿದೆ. ಆ ಲೆಕ್ಕ ನಮ್ಮ ಮನೆಯೊಳಗೂ ಬಂತು. ಬಂದದ್ದು ಒಂದೇ ವಾರದಲ್ಲಿ, ಇಬ್ಬರಿಗೆ, ಎರಡು ಬೇರೆ ಉತ್ತರಗಳಾಗಿ.

ನಮ್ಮ ಅಪ್ಪನಿಗೆ ಧಾರವಾಡದಲ್ಲಿದ್ದಾಗ ಹೃದಯಾಘಾತವಾಗಿತ್ತು. ಆಮೇಲೆ ಒಂಬತ್ತು ವರ್ಷ ಬದುಕಿದರು. ಆ ಒಂಬತ್ತು ವರ್ಷವೂ ಮಧ್ಯಾಹ್ನದ ಊಟವಾದ ಕೂಡಲೇ ಅವ್ವ ಅವರ ಅಂಗೈಯಲ್ಲಿ ಆಸ್ಪಿರಿನ್ ಇಟ್ಟು, ನುಂಗುವವರೆಗೆ ಎದುರಿಗೆ ನಿಲ್ಲುತ್ತಿದ್ದಳು. ಅಪ್ಪ ಹೋದ ಮೇಲೆ ಊರಿನ ಡಾಕ್ಟರೊಬ್ಬರು ಅವಳ ಬಿಪಿ ನೋಡಿ, “ನಿಮಗೂ ವಯಸ್ಸಾತು, ಮುಂಜಾಗ್ರತೆಗೆ ಒಂದು ಇರಲಿ” ಎಂದು ಅದೇ ಗುಳಿಗೆಯನ್ನು ಬರೆದುಕೊಟ್ಟರು. ಅವಳು ನನ್ನ ಜೊತೆ ಪುಣೆಗೆ ಬಂದಾಗ ಕುಕ್ಕರ್, ದೇವರ ಪೆಟ್ಟಿಗೆಯ ಜೊತೆ ಗುಳಿಗೆಯ ಚೀಟಿಯೂ ಬಂತು. ಇಲ್ಲಿಯ ಔಷಧದಂಗಡಿಯವನು ಆ ಚೀಟಿಯನ್ನೇ ನೋಡಿ ತಿಂಗಳು ತಿಂಗಳು ಕೊಡುತ್ತಿದ್ದ.

ಎಪ್ಪತ್ಮೂರನೆಯ ವಯಸ್ಸಿನಲ್ಲಿ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಒಂಬತ್ತಕ್ಕೆ ಇಳಿದಿತ್ತು. ಇಲ್ಲಿಯ ಡಾಕ್ಟರು ಎಲ್ಲ ಗುಳಿಗೆಗಳನ್ನೂ ಮೇಜಿನ ಮೇಲೆ ಹರಡಿಸಿ, ಆಸ್ಪಿರಿನ್ ಮೇಲೆ ಬೆರಳಿಟ್ಟು ಕೇಳಿದರು: ಹೃದಯಾಘಾತ ಆಗಿತ್ತೇ? ಸ್ಟೆಂಟ್ ಇದೆಯೇ? ಪಾರ್ಶ್ವವಾಯು? ಮೂರಕ್ಕೂ ಇಲ್ಲ. ಮಲ ಕಪ್ಪಗೆ ಹೋಗುತ್ತದೆಯೇ? ಅವ್ವ ನನ್ನ ಮುಖ ನೋಡಿ, ಒಮ್ಮೊಮ್ಮೆ ಹೌದೆಂದಳು. ಮೊಣಕಾಲು ನೋವಿಗೆ ಏನಾದರೂ ತೆಗೆದುಕೊಳ್ಳುತ್ತೀರಾ? ಹೂಂ, ನೋವು ಜಾಸ್ತಿಯಾದಾಗ ಒಂದು. ಹೊಟ್ಟೆಯ ಪರೀಕ್ಷೆಗೆ ಬರೆದುಕೊಟ್ಟ ಅವರು, ನೋವಿನ ಗುಳಿಗೆಯನ್ನೂ ಆಸ್ಪಿರಿನ್ನನ್ನೂ ನಿಲ್ಲಿಸಿಬಿಟ್ಟರು.

ಅವ್ವನಿಗೆ ಸಮಾಧಾನವಾಗಲಿಲ್ಲ. “ನಿಮ್ಮಪ್ಪಗ ಒಂಬತ್ತು ವರ್ಷ ಆಯುಷ್ಯ ಕೊಟ್ಟ ಗುಳಿಗಿ ಅದು. ನನಗ್ಯಾಕ ಬ್ಯಾಡಂತ?”

ನಾನು ಡಾಕ್ಟರಲ್ಲ. ವಿಮಾ ಕಚೇರಿಯಲ್ಲಿ ಅಂಕಿ-ಅಂಶ ನೋಡುವ ಕೆಲಸ ನನ್ನದು. ಆದರೆ ಅವ್ವನ ಪ್ರಶ್ನೆ ಅಂಕಿಯ ಪ್ರಶ್ನೆಯೇ ಆಗಿದ್ದರಿಂದ ಓದತೊಡಗಿದೆ.

ಆಸ್ಪಿರಿನ್ ನಿಜಕ್ಕೂ ರಕ್ತವನ್ನು ತೆಳು ಮಾಡುವುದಿಲ್ಲ. ಡೆಂಗಿ ಜ್ವರದ ದೆಸೆಯಿಂದ ‘ಪ್ಲೇಟ್‌ಲೆಟ್’ ಎಂಬ ಶಬ್ದ ಈಗ ನಮಗೆಲ್ಲ ಗೊತ್ತು. ಗಾಯವಾದಲ್ಲಿ ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುವ ಕಣಗಳು ಅವು. ಆಸ್ಪಿರಿನ್ ಆ ಅಂಟನ್ನು ಕಡಿಮೆ ಮಾಡುತ್ತದೆ. ಹೃದಯದ ನಾಳದಲ್ಲಿ ಹೆಪ್ಪುಗಟ್ಟದಂತೆ ತಡೆಯುವುದು ಈ ಗುಣವೇ, ಹೊಟ್ಟೆಯ ಸಣ್ಣ ಹುಣ್ಣಿನಿಂದ ರಕ್ತ ಜಿನುಗುತ್ತಲೇ ಇರುವಂತೆ ಮಾಡುವುದೂ ಈ ಗುಣವೇ. ಸಾಲದ್ದಕ್ಕೆ, ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವ ವಸ್ತುವನ್ನೂ ಅದು ಕುಗ್ಗಿಸುತ್ತದೆ. ಮೊಣಕಾಲಿನ ಅನೇಕ ನೋವಿನ ಗುಳಿಗೆಗಳು ಮಾಡುವುದೂ ಇದನ್ನೇ. ಎರಡೂ ಸೇರಿದರೆ ಹೊಟ್ಟೆಗೆ ಎರಡು ಪಟ್ಟು ಕಾಟ.

ಅಪ್ಪನಿಗೆ ಅದನ್ನು ಕೊಟ್ಟದ್ದಕ್ಕೆ ಗಟ್ಟಿ ಆಧಾರವಿತ್ತು. 1988ರಲ್ಲಿ ಪ್ರಕಟವಾದ ‘ಐಸಿಸ್-2’ ಎಂಬ ಪ್ರಯೋಗದಲ್ಲಿ, ಹೃದಯಾಘಾತದ ಶಂಕೆಯಿಂದ ಆಸ್ಪತ್ರೆಗೆ ಬಂದ 17,187 ಜನರನ್ನು ಚೀಟಿ ಎತ್ತಿದ ಹಾಗೆ ವಿಂಗಡಿಸಿದರು. ಅರ್ಧ ಜನರಿಗೆ ಒಂದು ತಿಂಗಳು ಆಸ್ಪಿರಿನ್, ಉಳಿದರ್ಧಕ್ಕೆ ನೋಡಲು ಹಾಗೆಯೇ ಇದ್ದ ಖಾಲಿ ಗುಳಿಗೆ. ಐದು ವಾರದಲ್ಲಿ ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸತ್ತವರು ಖಾಲಿ ಗುಳಿಗೆಯವರಲ್ಲಿ ನೂರಕ್ಕೆ 11.8, ಆಸ್ಪಿರಿನ್ನಿನವರಲ್ಲಿ 9.4. ಕೆಲವೇ ಪೈಸೆಯ ಗುಳಿಗೆಯಿಂದ ಇಷ್ಟು ಜೀವ ಉಳಿದದ್ದು ದೊಡ್ಡ ಸುದ್ದಿಯೇ ಆಯಿತು.

ಇದೇ ಪ್ರಯೋಗದ ಒಂದು ಉಪಕಥೆ ಜಾತಕ ನೋಡುವ ನಮ್ಮಂಥವರಿಗೆ ರುಚಿಸುತ್ತದೆ. ವಯಸ್ಸು, ಲಿಂಗ, ಹೀಗೆ ಗುಂಪು ಗುಂಪಾಗಿ ಫಲ ಒಡೆದು ತೋರಿಸಿ ಎಂಬ ಒತ್ತಾಯ ಬಂದಾಗ, ಆಕ್ಸ್‌ಫರ್ಡಿನ ಸಂಶೋಧಕರು ರೋಗಿಗಳನ್ನು ಹುಟ್ಟಿದ ರಾಶಿಯ ಪ್ರಕಾರವೂ ಒಡೆದು ತೋರಿಸಿದರು. ಪಾಶ್ಚಾತ್ಯ ಪದ್ಧತಿಯ ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್ನಿನಿಂದ ಏನೂ ಲಾಭವಿಲ್ಲ, ತುಸು ಕೆಡುಕೇ ಎಂದು ಬಂತು. ಉಳಿದ ಹತ್ತು ರಾಶಿಗೆ ಭರ್ಜರಿ ಲಾಭ! ಅಂಕಿಗಳನ್ನು ಸಣ್ಣ ಸಣ್ಣ ಚೂರು ಮಾಡುತ್ತ ಹೋದರೆ ಯಾವ ಅಸಂಬದ್ಧವೂ ಸಿಗುತ್ತದೆ, ಎಚ್ಚರಿಕೆ ಎಂದು ಹೇಳುವುದು ಅವರ ಉದ್ದೇಶವಾಗಿತ್ತು. “ನಮ್ಮ ಪಕ್ಕದ ಮನೆಯವರಿಗೆ ನಾಟಿತು, ನಮಗೂ ನಾಟುತ್ತದೆ” ಎನ್ನುವಾಗ ನಾವು ಮಾಡುವುದು ಒಬ್ಬನೇ ಮನುಷ್ಯನ ಚೂರನ್ನು ಹಿಡಿದು ನಡೆಸುವ ಸಂಶೋಧನೆ.

ಹೃದಯಾಘಾತ ಆದವರಿಗೆ ಇಷ್ಟು ಒಳ್ಳೆಯದಾದರೆ, ಆಗದವರಿಗೂ ಮೊದಲೇ ಏಕೆ ಕೊಡಬಾರದು? ಈ ಪ್ರಶ್ನೆ ಸಹಜವಾಗಿತ್ತು. ಅಮೆರಿಕದ 22,071 ಗಂಡಸು ವೈದ್ಯರು ತಮ್ಮ ಮೇಲೆಯೇ ಪ್ರಯೋಗ ಮಾಡಿಸಿಕೊಂಡರು. 1989ರ ಅಂತಿಮ ವರದಿಯ ಪ್ರಕಾರ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ ಶೇಕಡಾ 44ರಷ್ಟು ಕಡಿಮೆ. ಹೃದಯದ ಕಾಯಿಲೆಯಿಂದ ಆಗುವ ಒಟ್ಟು ಸಾವು ಮಾತ್ರ ಕಡಿಮೆಯಾದದ್ದು ಕಾಣಲಿಲ್ಲ. ಆದರೆ ಜನರ ಕಿವಿಗೆ ಬಿದ್ದದ್ದು 44 ಮಾತ್ರ. ‘ಮುಂಜಾಗ್ರತೆಯ ಆಸ್ಪಿರಿನ್’ ಮನೆಮನೆಗೆ ಬಂತು.

2009ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿ ಹಾಕಿದ ಒಂದು ದೊಡ್ಡ ಲೆಕ್ಕ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ. ಅವ್ವನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಅಲ್ಲಿ. ಹೃದಯಾಘಾತ ಅಥವಾ ಪಾರ್ಶ್ವವಾಯು ಈಗಾಗಲೇ ಆದ ಸಾವಿರ ಜನರಲ್ಲಿ ಒಂದು ವರ್ಷದೊಳಗೆ ಮತ್ತೆ ಗಂಭೀರ ತೊಂದರೆ ಆಗುವುದು ಆಸ್ಪಿರಿನ್ ಇಲ್ಲದಿದ್ದರೆ 82 ಜನರಿಗೆ, ಇದ್ದರೆ 67 ಜನರಿಗೆ. ಹದಿನೈದು ಜನ ಪಾರು. ಏನೂ ಆಗದ ಸಾವಿರ ಜನರಲ್ಲಿ? ಇಲ್ಲದಿದ್ದರೆ ಸುಮಾರು 5.7, ಇದ್ದರೆ 5.1. ಎರಡು ವರ್ಷಕ್ಕೆ ಒಬ್ಬರೋ ಏನೋ ಪಾರು. ರಕ್ತಸ್ರಾವದ ಅಪಾಯವಾದರೆ ಇಬ್ಬರಿಗೂ ಉಂಟು. ವಿಮೆಯ ಭಾಷೆಯಲ್ಲಿ ಹೇಳುವುದಾದರೆ, ಕಂತು ಕಟ್ಟುವುದು ಇಬ್ಬರೂ, ಹಣ ವಾಪಸು ಬರುವುದು ಹೆಚ್ಚಾಗಿ ಒಬ್ಬರಿಗೆ.

ಆಮೇಲೆ 2018ರಲ್ಲಿ ಒಂದರ ಹಿಂದೆ ಒಂದು ಮೂರು ದೊಡ್ಡ ಪ್ರಯೋಗಗಳ ಫಲ ಬಂತು. ಅವ್ವನ ವಯಸ್ಸಿನವರಿಗೆ ಮುಖ್ಯವಾದದ್ದು ‘ಆಸ್ಪ್ರೀ’. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಜನ, ಹೆಚ್ಚಿನವರು ಎಪ್ಪತ್ತು ದಾಟಿದವರು, ಹೃದಯದ ಕಾಯಿಲೆ ಇಲ್ಲದವರು. ಸುಮಾರು ಐದು ವರ್ಷ ನೋಡಿದರು. ಕೈಕಾಲು ಗಟ್ಟಿ ಇದ್ದು, ಮರೆವಿನ ರೋಗ ಬರದೆ ಬದುಕುವ ಅವಧಿ ಆಸ್ಪಿರಿನ್ನಿನಿಂದ ಹೆಚ್ಚಲಿಲ್ಲ. ದೊಡ್ಡ ರಕ್ತಸ್ರಾವ ಮಾತ್ರ ಖಾಲಿ ಗುಳಿಗೆಯವರಲ್ಲಿ 265 ಜನರಿಗೆ ಆದರೆ, ಆಸ್ಪಿರಿನ್ನಿನವರಲ್ಲಿ 361 ಜನರಿಗೆ. ಅದೇ ಗುಂಪನ್ನು ಮತ್ತೆ ಪರಿಶೀಲಿಸಿದಾಗ, ರಕ್ತಹೀನತೆ ಶುರುವಾಗುವ ಸಂಭವವೂ ಆಸ್ಪಿರಿನ್ನಿನವರಲ್ಲಿ ಶೇಕಡಾ 20ರಷ್ಟು ಹೆಚ್ಚು ಎಂದು 2023ರಲ್ಲಿ ವರದಿಯಾಯಿತು. ಇದನ್ನು ಓದಿದಾಗ ಅವ್ವನ ಒಂಬತ್ತು ಹಿಮೋಗ್ಲೋಬಿನ್ ನನ್ನ ಕಣ್ಣಮುಂದೆ ಬಂತು. ಅದಕ್ಕೆ ಆಸ್ಪಿರಿನ್ನೇ ಕಾರಣ ಎಂದು ನಾನು ಹೇಳಲಾರೆ. ನೋವಿನ ಗುಳಿಗೆಯೂ ಇತ್ತು, ಅರೆಹೊಟ್ಟೆಯ ಉಪವಾಸಗಳೂ ಇದ್ದವು.

ಸಕ್ಕರೆ ಕಾಯಿಲೆಯವರನ್ನು ನೋಡಿದ ‘ಅಸೆಂಡ್’ ಪ್ರಯೋಗದಲ್ಲಿ 15,480 ಜನ, ಏಳೂಕಾಲು ವರ್ಷದ ಮೇಲೆ. ಗಂಭೀರ ಹೃದಯ-ರಕ್ತನಾಳದ ತೊಂದರೆ ನೂರಕ್ಕೆ 9.6 ಇದ್ದದ್ದು 8.5ಕ್ಕೆ ಇಳಿಯಿತು. ದೊಡ್ಡ ರಕ್ತಸ್ರಾವ 3.2 ಇದ್ದದ್ದು 4.1ಕ್ಕೆ ಏರಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಬಹುಪಾಲು ಕಿತ್ತುಕೊಂಡ ಹಾಗೆ.

ಹಳೆಯ ಅಮೆರಿಕನ್ ವೈದ್ಯರಿಗೆ ಸಿಕ್ಕ ಲಾಭ ಈಗ ಏಕೆ ಕಾಣುವುದಿಲ್ಲ? ಗುಳಿಗೆ ಬದಲಾಗಿಲ್ಲ, ಸುತ್ತಲಿನ ಚಿಕಿತ್ಸೆ ಬದಲಾಗಿದೆ. ಆಗ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಗಳ ಬಳಕೆ ಇನ್ನೂ ಹರಡಿರಲಿಲ್ಲ, ಬಿಪಿಯನ್ನು ಇಷ್ಟು ಬಿಗಿಯಾಗಿ ಹಿಡಿದಿಡುತ್ತಿರಲಿಲ್ಲ. ಈಗ ಅವೇ ಅಪಾಯವನ್ನು ತಗ್ಗಿಸಿರುವುದರಿಂದ ಆಸ್ಪಿರಿನ್ ತಡೆಯಬೇಕಾದದ್ದು ಕಡಿಮೆ ಉಳಿದಿದೆ. ರಕ್ತಸ್ರಾವದ ಅಪಾಯ ಮಾತ್ರ ವಯಸ್ಸಾದಂತೆ ಏರುತ್ತದೆ. ಹಾಗಾಗಿಯೇ ಅಮೆರಿಕದ ತಜ್ಞರ ಸಮಿತಿ 2022ರಲ್ಲಿ, ಅರವತ್ತು ದಾಟಿದವರು ಬರೀ ಮುಂಜಾಗ್ರತೆಗೆಂದು ಹೊಸದಾಗಿ ಆಸ್ಪಿರಿನ್ ಶುರು ಮಾಡಬಾರದು ಎಂದಿತು.

ಇದೆಲ್ಲ ಬಿಳಿಯರ ದೇಶದ ಲೆಕ್ಕ, ನಮ್ಮ ಮೈಯೇ ಬೇರೆ ಎನ್ನುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದ ಪ್ರಯೋಗದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಈಗ ಕೆನಡಾದಲ್ಲಿರುವ ಸಲೀಂ ಯೂಸುಫ್ ಮತ್ತು ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸೇರಿ ನಡೆಸಿದ ‘ಟಿಪ್ಸ್-3’ ಅದು. ಒಟ್ಟು 5,713 ಜನರಲ್ಲಿ ಅರ್ಧದ ಹತ್ತಿರ ಭಾರತೀಯರು. ಬಿಪಿ ಮತ್ತು ಕೊಲೆಸ್ಟ್ರಾಲಿನ ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ, ಜೊತೆಗೆ ಆಸ್ಪಿರಿನ್ ಕೊಟ್ಟಾಗ ಹೃದಯದ ತೊಂದರೆ ನೂರಕ್ಕೆ 5.8 ಇದ್ದದ್ದು 4.1ಕ್ಕೆ ಇಳಿಯಿತು. ಆಸ್ಪಿರಿನ್ ಒಂದನ್ನೇ ತೂಗಿದಾಗ ವ್ಯತ್ಯಾಸ 4.7ಕ್ಕೆ 4.1. ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಅಪಾಯ ಹೆಚ್ಚಿರುವ ಐವತ್ತರ ಆಸುಪಾಸಿನವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಅದು ಡಾಕ್ಟರು ಮತ್ತು ರೋಗಿ ಕೂತು ತೀರ್ಮಾನಿಸುವ ಮಾತು. ಆದರೆ ‘ಎಲ್ಲರಿಗೂ ಒಂದು ಇರಲಿ’ ಎನ್ನುವ ಕಾಲ ಮುಗಿದಿದೆ.

ಇಷ್ಟರಲ್ಲಿ ಧಾರವಾಡದಿಂದ ಕಾಕಾನ ಫೋನ್ ಬಂತು. ಅವರ ಹೃದಯದಲ್ಲಿ ಎರಡು ಸ್ಟೆಂಟ್ ಇವೆ. “ಏನವ್ವಾ, ಪುಣೇದ ಡಾಕ್ಟರು ವೈನಿಗೆ ಆ ಗುಳಿಗಿ ಬ್ಯಾಡಂದ್ರಂತ. ವಾಟ್ಸಾಪಿನ್ಯಾಗೂ ಬಂದದ, ಅದರಿಂದ ಹೊಟ್ಟ್ಯಾಗ ರಕ್ತಾ ಸೋರ್ತದಂತ. ನಾನೂ ನಿನ್ನೆಯಿಂದ ಬಿಟ್ಟೀನಿ.”

ನನ್ನ ಕೈ ತಣ್ಣಗಾಯಿತು. ಸ್ಟೆಂಟ್ ಇದ್ದವರು ಈ ಗುಳಿಗೆಯನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಸಂಚಕಾರ ಬರಬಹುದು. ವಾಟ್ಸಾಪಿನಲ್ಲಿ ಬಂದದ್ದು ಸುಳ್ಳಲ್ಲ, ಅರ್ಧ ನಿಜ. ಯಾರಿಗೆ ಎಂಬ ಒಂದು ಸಾಲು ಅದರಲ್ಲಿ ಬಿಟ್ಟುಹೋಗಿತ್ತು. “ಕಾಕಾ, ಅವ್ವನ ಲೆಕ್ಕಾ ಬ್ಯಾರೆ, ನಿಮ್ಮ ಲೆಕ್ಕಾ ಬ್ಯಾರೆ. ಆಕಿಗೆ ಎಂದೂ ಹೃದಯದ ತ್ರಾಸ ಆಗಿಲ್ಲ. ಈಗಿಂದೀಗ ನಿಮ್ಮ ಡಾಕ್ಟರಿಗೆ ಫೋನ್ ಮಾಡ್ರಿ” ಎಂದೆ. ಹತ್ತು ನಿಮಿಷಕ್ಕೆ ತಿರುಗಿ ಅವರೇ ಮಾಡಿದರು. ಡಾಕ್ಟರು ಚೆನ್ನಾಗಿ ಬೈದು, ಇವತ್ತೇ ಶುರು ಮಾಡಿ ಎಂದಿದ್ದರು.

ಅವ್ವನಿಗೆ ಆ ಸಂಜೆ 82, 67ರ ಲೆಕ್ಕವನ್ನು ಕಡಲೆಕಾಳು ಇಟ್ಟು ತೋರಿಸಿದೆ. ಅಪ್ಪನ ಗುಂಪಿನಿಂದ ಹದಿನೈದು ಕಾಳು ಈಚೆ ಬಂದವು. ಅವಳ ಗುಂಪಿನಿಂದ ಒಂದು ಪೂರ್ತಿ ಕಾಳೂ ಬರಲಿಲ್ಲ. ಬಹಳ ಹೊತ್ತು ನೋಡಿ, “ಹಂಗಾದ್ರ ಅವರಿಗೆ ಕೊಟ್ಟದ್ದು ಖರೇನ ಛಲೋ ಆತು” ಎಂದಳು. ಅವಳಿಗೆ ಬೇಕಾಗಿದ್ದ ಉತ್ತರ ಅದೇ ಇರಬೇಕು. ಹೊಟ್ಟೆಯ ಚಿಕಿತ್ಸೆ, ಕಬ್ಬಿಣದ ಗುಳಿಗೆ ಮುಗಿಯುವ ಹೊತ್ತಿಗೆ ಹಿಮೋಗ್ಲೋಬಿನ್ ಹನ್ನೊಂದು ದಾಟಿತು.

ಊರಿನಲ್ಲಿರುವ ತಂದೆ-ತಾಯಿಯರ ಗುಳಿಗೆಗಳನ್ನು ಫೋನಿನಲ್ಲೇ ನೋಡಿಕೊಳ್ಳುವವರು ನಮ್ಮಲ್ಲಿ ಬಹಳ ಜನ. ಮುಂದಿನ ಸಲ ಊರಿಗೆ ಹೋದಾಗ ಎಲ್ಲ ಗುಳಿಗೆಗಳನ್ನೂ, ನೋವಿನದನ್ನೂ ಸೇರಿಸಿ, ಅವರ ಡಾಕ್ಟರ ಮುಂದೆ ಇಟ್ಟು ಮೂರೇ ಪ್ರಶ್ನೆ ಕೇಳಿ. ಇದನ್ನು ಯಾವ ಕಾರಣಕ್ಕೆ ಶುರು ಮಾಡಿದ್ದು? ಆ ಕಾರಣ ಈಗಲೂ ಇದೆಯೇ? ಈ ವಯಸ್ಸಿಗೆ ಲಾಭ ಹೆಚ್ಚೋ ಅಪಾಯ ಹೆಚ್ಚೋ? ಉತ್ತರ ಬರುವವರೆಗೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಯಾವುದನ್ನೂ ನೀವಾಗಿ ಶುರುವೂ ಮಾಡಬೇಡಿ. ಈ ಬರಹವನ್ನು ಯಾರಿಗಾದರೂ ಕಳಿಸುವುದಾದರೆ ದಯವಿಟ್ಟು ಕಾಕಾನ ಭಾಗವನ್ನು ಬಿಟ್ಟು ಕಳಿಸಬೇಡಿ.