ಯಾರದೋ ಅಪ್ಪನ ವಾಚು

ಎಸ್ಸೆಸ್ಸೆಲ್ಸಿ ಪಾಸಾದರೆ ವಾಚು ಎಂಬುದು ಒಂದು ಕಾಲದಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಅಪ್ಪ-ಮಕ್ಕಳ ನಡುವಿನ ಬಾಯಿಮಾತಿನ ಕರಾರು. ಫಸ್ಟ್ ಕ್ಲಾಸ್ ಬಂದರೆ ಹೊಸದು, ಬರೀ ಪಾಸಾದರೆ ಅಪ್ಪನ ಹಳೆಯದು. ಹಳೆಯದು ಸಿಕ್ಕವನು ಅಂದು ಮುಖ ಸಣ್ಣದು ಮಾಡಿಕೊಂಡರೂ, ಅಪ್ಪ ತೀರಿಕೊಂಡ ಮೇಲೆ ಅದನ್ನೇ ಬೀರುವಿನ ಒಳಖಾನೆಯಲ್ಲಿ ಜೋಪಾನ ಮಾಡುವುದುಂಟು. ಹಾಗೆಯೇ, ಹಳೇ ಪಾತ್ರೆ, ಹಳೇ ಪೇಪರಿನ ಜೊತೆ ಗುಜರಿಗೆ ಹಾಕಿಬಿಡುವುದೂ ಉಂಟು.

ಆ ಕರಾರಿನ ವಾಚು ಬಹುಮಟ್ಟಿಗೆ ಎಚ್‌ಎಂಟಿಯದೇ ಆಗಿರುತ್ತಿತ್ತು. ಯಂತ್ರೋಪಕರಣಗಳನ್ನು ತಯಾರಿಸಲೆಂದು 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸರ್ಕಾರಿ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರ ತಯಾರಿಕೆಗೆ ಇಳಿಯಿತು. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕೊಹಿನೂರ್ ಎಂಬ ಹೆಸರುಗಳು ಮನೆಮಾತಾದವು. ಬಂಗಾರದ ಬಣ್ಣದ 'ಕಾಂಚನ್' ಅಂತೂ ಮದುವೆ ಮಾತುಕತೆಯಲ್ಲೇ ಅಳಿಯಂದಿರಿಗೆ ಗೊತ್ತಾಗಿಬಿಡುತ್ತಿತ್ತು. ಕೀ ಕೊಡಬೇಕಿಲ್ಲದ ಕ್ವಾರ್ಟ್ಸ್ ವಾಚುಗಳು 1980ರ ದಶಕದ ಕೊನೆಯಿಂದ ಅಂಗಡಿಗಳನ್ನು ತುಂಬಿಕೊಂಡ ಮೇಲೆ ಗಾಳಿ ತಿರುಗಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗಲೇ ಹಲವರಿಗೆ ತಮ್ಮ ಮನೆಯ ಹಳೇ ವಾಚು ನೆನಪಾಗಿದ್ದು. ತುಮಕೂರಿನ ನಿವೃತ್ತ ಗಣಿತದ ಮೇಷ್ಟರೊಬ್ಬರು ಅಂಥವರಲ್ಲಿ ಒಬ್ಬರು. ಇಂದು ಅವರ ಬಳಿ ನಲವತ್ತಕ್ಕೂ ಹೆಚ್ಚು ಕೀ ಕೊಡುವ ವಾಚುಗಳಿವೆ. ಮೊದಲನೆಯದು ಅವರ ತಂದೆಯದು. ಅಂಚೆ ಕಚೇರಿಯ ಗುಮಾಸ್ತರಾಗಿದ್ದ ಅವರು 1967ರಲ್ಲಿ ಕೊಂಡ ಜನತಾ. ಡಯಲು ಹಳದಿಗೆ ತಿರುಗಿದೆ, ಗಾಜಿನ ಮೇಲೆ ಗೀರುಗಳಿವೆ. ರಿಪೇರಿಗೆ ಕೊಟ್ಟಾಗ ಅಂಗಡಿಯವರು, 'ಹೊಸ ಡಯಲು ಹಾಕ್ಲಾ ಸಾರ್? ಥಳಥಳ ಅನ್ನುತ್ತೆ' ಎಂದು ಕೇಳಿದರು. ಮೇಷ್ಟರು ಬೇಡವೆಂದರು. ಹಳೇ ಯಂತ್ರಕ್ಕೆ ಹೊಸ ಬಣ್ಣ ಬಳಿದ ಡಯಲು ಕೂರಿಸಿದ ವಾಚುಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಅಪ್ಪ ಮೂವತ್ತು ವರ್ಷ ನೋಡಿದ ಡಯಲು ಇದೊಂದೇ ಎಂಬುದು ಅವರ ಲೆಕ್ಕ. ಬೆಳಗಿನ ಬಸ್ಸು ತಪ್ಪದಿರಲೆಂದು ತಂದೆ ಅದನ್ನು ಐದು ನಿಮಿಷ ಮುಂದಿಟ್ಟಿರುತ್ತಿದ್ದರು. ಬಸ್ಸು ಹಿಡಿಯುವ ಅಗತ್ಯವಿಲ್ಲದ ಮಗನೂ ಹಾಗೆಯೇ ಇಡುತ್ತಾರೆ.

ಮೇಷ್ಟರ ಮನೆಗೆ ಪಾಠಕ್ಕೆ ಬರುವ ಹುಡುಗರಿಗೆ ವಾಚೂ ಒಂದು ಪಾಠವೇ. ಹಿಂಬದಿಯ ಮುಚ್ಚಳ ತೆಗೆದು ತೋರಿಸುತ್ತಾರೆ. ಕೀ ಕೊಟ್ಟಾಗ ಒಳಗಿನ ಸ್ಪ್ರಿಂಗು ಸುತ್ತಿಕೊಳ್ಳುತ್ತದೆ. ಅದು ಮೆಲ್ಲಗೆ ಬಿಚ್ಚಿಕೊಳ್ಳುವಾಗ ಹಲ್ಲಿನ ಚಕ್ರಗಳು ತಿರುಗುತ್ತವೆ. ಒಂದೇ ಸಲಕ್ಕೆ ಬಿಚ್ಚಿಕೊಳ್ಳದಂತೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ತಡೆದು ತಡೆದು ಬಿಡುತ್ತದೆ. ಆ ತಡೆಯುವ ಸದ್ದೇ ಟಿಕ್ ಟಿಕ್. ಸೆಕೆಂಡಿಗೆ ಐದು ಬಡಿತವಾದರೆ ಗಂಟೆಗೆ 18,000, ದಿನಕ್ಕೆ 4,32,000. ಡಯಲಿನ ಮೇಲೆ '17 ಜ್ಯುವೆಲ್ಸ್' ಎಂದಿರುವುದನ್ನು ಕಂಡು ಹುಡುಗರು ಕಣ್ಣರಳಿಸುತ್ತಾರೆ. ಅವು ಕೃತಕ ಮಾಣಿಕ್ಯದ ಚೂರುಗಳು; ಚಕ್ರಗಳ ಮೊನೆ ಸವೆಯದಂತೆ ಕೂರಿಸಿದ್ದು, ಮಾರಿದರೆ ಕಾಸು ಹುಟ್ಟುವುದಿಲ್ಲ.

ಕ್ವಾರ್ಟ್ಸ್ ವಾಚಿನಲ್ಲಿ ಈ ಕೆಲಸ ಮಾಡುವುದು ಒಂದು ಹರಳು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಎರಡನ್ನು ಹದಿನೈದು ಸಲ ಗುಣಿಸಿ ನೋಡಿ ಎನ್ನುತ್ತಾರೆ ಮೇಷ್ಟರು. ಹದಿನೈದು ಸಲ ಅರ್ಧ ಮಾಡುತ್ತಾ ಬಂದರೆ ಸೆಕೆಂಡಿಗೆ ಸರಿಯಾಗಿ ಒಂದು ಸಿಗುತ್ತದೆ. ನಿಖರತೆಯಲ್ಲಿ ಅದೇ ಮೇಲು ಎಂದು ಅವರು ಧಾರಾಳವಾಗಿ ಒಪ್ಪುತ್ತಾರೆ. ಅವರ ಪೆಟ್ಟಿಗೆಯ ವಾಚುಗಳಲ್ಲಿ ಒಂದು ಹಿಂದೆ ಬಿದ್ದರೆ ಇನ್ನೊಂದು ಮುಂದೆ ಓಡುತ್ತದೆ. ದಿನಕ್ಕೊಮ್ಮೆ ಕೀ ಕೊಡುವವರಿಲ್ಲದಿದ್ದರೆ ಎಲ್ಲವೂ ನಿಲ್ಲುತ್ತವೆ.

ತಂದೆಯ ವಾಚಿನ ಒಂದು ಬಿಡಿಭಾಗ ಹುಡುಕುತ್ತಾ ಹೋದಾಗಲೇ ಅವರಿಗೆ ಸಂಗ್ರಹದ ಹುಚ್ಚು ಹತ್ತಿದ್ದು. ಕೈಗಡಿಯಾರ ರಿಪೇರಿಯವರ ಹಳೇ ಡಬ್ಬಿಗಳು, ಬೆಂಗಳೂರಿನ ಸಂಡೇ ಬಜಾರ್, ಗುಜರಿ ಅಂಗಡಿ, ಹೀಗೆ ಒಂದೊಂದೇ ಬಂದು ಸೇರಿದವು. ಪ್ರತಿ ವಾಚಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ: ಯಾವ ಮಾದರಿ, ಎಲ್ಲಿ ಸಿಕ್ಕಿತು, ಯಾರು ರಿಪೇರಿ ಮಾಡಿದರು, ಯಾವ ಭಾಗ ಬದಲಾಯಿತು. 'ಕಟ್ಟಿಕೊಂಡಿದ್ದವರು' ಎಂಬ ಸಾಲು ಮಾತ್ರ ಹೆಚ್ಚಿನ ಪುಟಗಳಲ್ಲಿ ಖಾಲಿ. ಕೆಲವು ವಾಚುಗಳ ಹಿಂಬದಿಯಲ್ಲಿ ಅಕ್ಷರ ಕೆತ್ತಿಸಿರುತ್ತಾರೆ. ಒಂದರಲ್ಲಿ ಮದುವೆಯ ಉಡುಗೊರೆ, ಇನ್ನೊಂದರಲ್ಲಿ ಸಹೋದ್ಯೋಗಿಗಳ ನೆನಪಿನ ಕಾಣಿಕೆ. ಬಜಾರಿನಲ್ಲಿ ಚೌಕಾಶಿ ಮಾಡಿ ತಂದ ವಾಚನ್ನು ಮನೆಯಲ್ಲಿ ಮಗುಚಿ ನೋಡಿದಾಗ ಹೀಗೊಂದು ಹೆಸರು ಕಂಡರೆ ಮೇಷ್ಟರಿಗೆ ಅಂದಿನ ಖುಷಿ ಅರ್ಧಕ್ಕಿಳಿಯುತ್ತದೆ. ಅದು ಯಾರದೋ ಅಪ್ಪನ ವಾಚು. ಅದು ತಮ್ಮ ಕೈಗೆ ಬಂದಿದೆಯೆಂದರೆ, ಎಲ್ಲೋ ಒಂದು ಮನೆಯಲ್ಲಿ ಅದರ ಕತೆ ಯಾರಿಗೂ ಗೊತ್ತಿರಲಿಲ್ಲ.

ಒಮ್ಮೆ ಸಿಕ್ಕ ಕೊಹಿನೂರ್ ವಾಚಿನ ಹಿಂದೆ, ನಿವೃತ್ತರಾದ ಉಪಾಧ್ಯಾಯರೊಬ್ಬರಿಗೆ ವಿದ್ಯಾರ್ಥಿಗಳು ಕೊಟ್ಟದ್ದೆಂದು ಶಾಲೆಯ ಹೆಸರು, ಇಸವಿ ಸಮೇತ ಕೆತ್ತಿತ್ತು. ಮೇಷ್ಟರು ಆ ಊರಿನವರನ್ನು ವಿಚಾರಿಸಿ, ಮೂರು ತಿಂಗಳ ಮೇಲೆ ಆ ಉಪಾಧ್ಯಾಯರ ಮಗನ ಫೋನ್ ನಂಬರು ಪತ್ತೆ ಮಾಡಿದರು. 'ನಮ್ಮ ತಂದೆಯದೇ ಸಾರ್. ಮನೆ ಖಾಲಿ ಮಾಡುವಾಗ ಹಳೇ ಸಾಮಾನಿನ ಜೊತೆ ಹೋಗಿರಬೇಕು' ಎಂದವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಈಗಲೂ ನಡೀತಿದೆಯಾ?' ಎಂದು ಕೇಳಿದರು. ಮುಂದಿನ ಭಾನುವಾರ ಬಂದು ವಾಚನ್ನು ಕಿವಿಯ ಹತ್ತಿರ ಹಿಡಿದು ಕೇಳಿಸಿಕೊಂಡರು. ಕೊಂಡಷ್ಟೇ ಹಣಕ್ಕೆ ಮೇಷ್ಟರು ಅದನ್ನು ಕೊಟ್ಟು ಕಳಿಸಿದರು. ನೋಟ್‌ಬುಕ್ಕಿನಲ್ಲಿ ಅವರು ಸಂತೋಷದಿಂದ ಹೊಡೆದುಹಾಕಿದ ಪುಟ ಅದೊಂದೇ.

ಇನ್ನು ಈ ನಲವತ್ತು ವಾಚುಗಳ ಗತಿಯೇನು? ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ನೇರವಾಗಿಯೇ ಕೇಳಿದಳು: 'ಅಪ್ಪಾ, ಇಷ್ಟನ್ನೂ ನಾನೇನು ಮಾಡಲಿ?' ಅವಳ ಕೈಯಲ್ಲಿರುವುದು ಹೆಜ್ಜೆ ಎಣಿಸುವ, ನಿದ್ದೆ ಲೆಕ್ಕ ಹಾಕುವ ವಾಚು. ಮೇಷ್ಟರಿಗೆ ಮೊದಲು ಬೇಸರವಾಯಿತು. ಯೋಚಿಸಿದ ಮೇಲೆ ಪ್ರಶ್ನೆ ನ್ಯಾಯವಾದದ್ದೆನಿಸಿತು. ತಮ್ಮ ಹವ್ಯಾಸ ಮಗಳ ತಲೆಯ ಮೇಲಿನ ಹೊರೆಯಾಗಬಾರದು. ಹೊರೆಯಾದದ್ದೇ ಕೊನೆಗೆ ಗುಜರಿ ಸೇರುವುದು. ಹಾಗಾಗಿ ಈಗ ಆಸಕ್ತಿಯಿರುವ ಹುಡುಗರಿಗೆ ವರ್ಷಕ್ಕೆ ಮೂರು-ನಾಲ್ಕು ವಾಚು ಕೊಡುತ್ತಾ ಬಂದಿದ್ದಾರೆ, ನೋಟ್‌ಬುಕ್ಕಿನ ಆ ಪುಟದ ಸಮೇತ. ಮಗಳಿಗೆಂದು ಉಳಿಸಿರುವುದು ಅಂಚೆ ಗುಮಾಸ್ತರ ಜನತಾ ಒಂದೇ. ರಜೆಗೆ ಬರುವ ಪಿಯುಸಿ ಓದುವ ಮೊಮ್ಮಗಳು ಬೆಳಿಗ್ಗೆ ಅದಕ್ಕೆ ಕೀ ಕೊಡುತ್ತಾಳೆ. 'ಐದು ನಿಮಿಷ ಜಾಸ್ತಿ ಇದೆಯಲ್ಲ ತಾತ?' ಎಂದು ಅವಳು ಕೇಳಿದ್ದಕ್ಕೆ ಬಸ್ಸಿನ ಕತೆ ಹೊರಬಂತು. ಮಗಳೂ ಅದನ್ನು ಮೊದಲ ಸಲ ಕೇಳಿದ್ದು ಅಂದೇ.

ನೀಟ್ ಪರೀಕ್ಷೆಯ ಕೊಠಡಿಗೆ ಇಂದು ವಾಚು ಕಟ್ಟಿಕೊಂಡು ಹೋಗುವಂತಿಲ್ಲ. ಗಂಟೆ ನೋಡಲು ಮೊಬೈಲು ಸಾಕು. ಆದ್ದರಿಂದ ಹಳೆಯ ವಾಚಿನಿಂದ ಉಪಯೋಗವೇನೆಂದು ಮಕ್ಕಳು ಕೇಳಿದರೆ ತಪ್ಪಲ್ಲ. ಆದರೂ ಬೀರುವಿನಲ್ಲಿ ಒಂದು ನಿಂತ ವಾಚಿದ್ದರೆ ಈ ಭಾನುವಾರ ಹೊರಗೆ ತೆಗೆದು ನೋಡಬಹುದು. ಬಿಗಿಯಾಗಿದ್ದರೆ ಕೀ ಬಲವಂತವಾಗಿ ತಿರುಗಿಸುವುದು ಬೇಡ. ಎಣ್ಣೆ ಒಣಗಿರುತ್ತದೆ, ಬಿಚ್ಚಿ ಶುದ್ಧ ಮಾಡಿಸಬೇಕು. ಬಸ್‌ಸ್ಟ್ಯಾಂಡಿನ ಬಳಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ಹಿರಿಯ ರಿಪೇರಿಯವರು ಇನ್ನೂ ಅಲ್ಲಲ್ಲಿ ಇದ್ದಾರೆ. ಬೆಂಗಳೂರಿಗೆ ಹೋದವರು ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ವಸ್ತುಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸಲೂಬಹುದು.

ರಿಪೇರಿಯವರ ಬಳಿಗೆ ನಾಳೆ ಹೋದರೂ ಆದೀತು. ಅದಕ್ಕೆ ಮೊದಲು ಕೇಳಬೇಕಾದ್ದನ್ನು ಮನೆಯ ಹಿರಿಯರನ್ನು ಕೇಳಿಬಿಡುವುದು ಒಳ್ಳೆಯದು: ಇದನ್ನು ಕೊಂಡದ್ದು ಯಾವಾಗ, ಯಾವ ಸಂಬಳದಲ್ಲಿ, ಯಾರಿಗಾಗಿ? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ವಾಚಿನ ಜೊತೆಗೇ ಇಟ್ಟರೆ ಸಾಕು.