ನನ್ನ ಕೈಯ ಬಿಳಿ ಮಚ್ಚೆ

ಸೋದರಿಯರೇ, ಅರಿಶಿನ-ಕುಂಕುಮಕ್ಕೆ ಬಂದವಳ ಕೈಯಲ್ಲಿ ಬಿಳಿ ಮಚ್ಚೆ ಕಂಡರೆ ನೀವೇನು ಮಾಡುತ್ತೀರಿ?

ಆರು ವರ್ಷದ ಹಿಂದೆ ನನ್ನ ಬೆರಳ ತುದಿಗಳಲ್ಲಿ ತೊನ್ನು ಕಾಣಿಸಿತು. ಆ ಸಲದ ಗೌರಿ ಹಬ್ಬದಲ್ಲಿ ನಾನು ಬಡಿಸಿದ ಒಬ್ಬಟ್ಟನ್ನು ಪಕ್ಕದ ಮನೆಯಾಕೆ ಮುಟ್ಟಲೇ ಇಲ್ಲ. "ಮೀನು ತಿಂದು ಹಾಲು ಕುಡಿದಿರಾ?" ಅಂದವರೂ ಉಂಟು. ಮೀನು ಹೊಸಿಲು ದಾಟದ ಮನೆ ನಮ್ಮದು! ಯಾರದೋ ಮಾತು ಕೇಳಿ ಏನೋ ಎಣ್ಣೆ ಹಚ್ಚಿ ಬೊಬ್ಬೆ ಬರಿಸಿಕೊಂಡೆ.

ಕೊನೆಗೆ ಚರ್ಮದ ಡಾಕ್ಟರು ಬಿಡಿಸಿ ಹೇಳಿದರು. ದೇಹದ ರಕ್ಷಣಾಶಕ್ತಿಯೇ ತಪ್ಪಾಗಿ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಇದು ಕುಷ್ಠವಲ್ಲ, ಮುಟ್ಟಿದರೆ ಅಂಟುವುದಿಲ್ಲ. ಸುಮಾರು 100 ಜನರಲ್ಲಿ ಒಬ್ಬರಿಗೆ ಇದೆಯಂತೆ. ಮುಲಾಮು, ಬೆಳಕಿನ ಚಿಕಿತ್ಸೆಯಿಂದ ಬಣ್ಣ ಮರಳಬಹುದು. ಮುಖದಲ್ಲಿ ಸುಲಭ, ಬೆರಳ ತುದಿಯಲ್ಲಿ ಕಷ್ಟ. ತಿಂಗಳುಗಟ್ಟಲೆ ತಾಳ್ಮೆ ಬೇಕು. ಹೋದ ಮಚ್ಚೆ ಮತ್ತೆ ಬರಲೂಬಹುದು.

ನನ್ನ ಬೆರಳುಗಳು ಇನ್ನೂ ಬೆಳ್ಳಗೇ ಇವೆ. ಬಿಸಿಲಿಗೆ ಬೇಗ ಸುಡುತ್ತವೆ ಅಂತ ಹಪ್ಪಳ ಒಣಗಿಸುವಾಗ ಜೋಪಾನ ಮಾಡುತ್ತೇನೆ, ಅಷ್ಟೆ.

ಕಳೆದ ಗೌರಿ ಹಬ್ಬಕ್ಕೆ ಮಗಳು, "ಅಮ್ಮಾ, ಒಬ್ಬಟ್ಟು ನೀನೇ ಬಡಿಸು" ಅಂದಳು. ಬಡಿಸಿದೆ. ಪಕ್ಕದಾಕೆ ಬಂದಿರಲಿಲ್ಲ. ಬಂದವರು ಮಾತ್ರ ಕೇಳಿ ಹಾಕಿಸಿಕೊಂಡರು.

ನನ್ನಂಥವಳು ನಿಮ್ಮ ಮನೆಗೆ ಬಂದರೆ ಕೈ ಹಿಡಿದು ಒಳಗೆ ಕರೆಯಿರಿ. ಅದಕ್ಕಿಂತ ದೊಡ್ಡ ಬಾಗಿನ ಬೇಡ.