ವಿಮಾನಪುರದಲ್ಲಿ ಅಳತೆಯ ಪಾಠ

ಮೆಜೆಸ್ಟಿಕ್‌ನಿಂದ ಕಾಡುಗೋಡಿ ಕಡೆಗೆ ಹೋಗುವ 335-ಇ ಬಸ್ಸು ಹತ್ತಿ, ದೊಮ್ಮಲೂರು, ಮುರುಗೇಶಪಾಳ್ಯ ದಾಟಿ ಸ್ವಲ್ಪ ಮುಂದೆ ಹೋದರೆ ಎಚ್‌ಎಎಲ್‌ನ ಉದ್ದನೆಯ ಕಾಂಪೌಂಡ್ ಗೋಡೆ ಶುರುವಾಗುತ್ತದೆ. ಅದೇ ವಿಮಾನಪುರ. ಹೆಸರಿಗೆ ತಕ್ಕ ಊರು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನವನ್ನು ಜೋಡಿಸಿ ಹಾರಿಸಿದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯುವವರೆಗೆ ಬೆಂಗಳೂರಿನವರೆಲ್ಲ ವಿಮಾನ ಹತ್ತುತ್ತಿದ್ದದ್ದೂ ಇಲ್ಲಿಯೇ. ಇಂದಿಗೂ ಬಸ್ ಕಂಡಕ್ಟರು ಕೂಗುವುದು ‘ಹಳೇ ಏರ್‌ಪೋರ್ಟ್ ರೋಡ್’ ಎಂದೇ.

ಇದೇ ರಸ್ತೆಯಲ್ಲಿ ಮಾರತ್ತಹಳ್ಳಿ ಕಡೆಗೆ ಎಚ್‌ಎಎಲ್ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂ ಇದೆ. 2001ರಲ್ಲಿ ಆರಂಭವಾದದ್ದು. ಒಳಗೆ ಹತ್ತು ಹತ್ತು ವರ್ಷಗಳ ಲೆಕ್ಕದಲ್ಲಿ ಜೋಡಿಸಿದ ಫೋಟೋಗಳು, ಎಂಜಿನ್ನುಗಳು. ಹೊರಗೆ ಮರಗಳ ನಡುವೆ ನಿಜವಾದ ವಿಮಾನಗಳು. ರಜೆಯಲ್ಲಿ ನನ್ನ ಇಬ್ಬರು ಮೊಮ್ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಕ್ಕೆ ಒಂದು ಕಾರಣವಿತ್ತು. ಮನೆಯಲ್ಲಿ ವಾರದಿಂದ ಒಂದು ಜಗಳ ನಡೆಯುತ್ತಿತ್ತು.

ಜಗಳ ಇಷ್ಟೇ. ಮೊಮ್ಮಗಳು ಏಳನೇ ಕ್ಲಾಸು, ಮೊಮ್ಮಗ ನಾಲ್ಕನೇ ಕ್ಲಾಸು. ಹುಟ್ಟುಹಬ್ಬಗಳಿಗೆ ಬಂದ ಹಣವನ್ನು ಇಬ್ಬರೂ ಒಂದೇ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಅದರಲ್ಲಿ ಬೆಂಗಳೂರಿನಲ್ಲಿ ಹಾರಿದ ವಿಮಾನಗಳ ಮಾದರಿಗಳನ್ನು ಸಂಗ್ರಹಿಸುವುದೆಂದು ತೀರ್ಮಾನವಾಗಿತ್ತು. ಯಾವ ಅಳತೆಯದು ಎಂಬಲ್ಲಿ ಇಬ್ಬರೂ ಬೇರೆಯಾದರು. ಅವಳಿಗೆ ಆರೂ ವಿಮಾನ ಬೇಕು, ಚಿಕ್ಕದಾದರೂ ಪರವಾಗಿಲ್ಲ. ಅವನಿಗೆ ಒಂದೇ ಸಾಕು, ಆದರೆ ಅವನ ಬಳಿ ಇರುವ ಆರಂಗುಲದ ವೀರರಲ್ಲಿ ಒಬ್ಬ ಅದರ ಕಾಕ್‌ಪಿಟ್ಟಿನಲ್ಲಿ ಕೂರಬೇಕು. ಡಬ್ಬಿ ಒಂದೇ, ಗೋಡೆಯ ಷೆಲ್ಫೂ ಒಂದೇ: ಒಂದು ಮೀಟರ್ ಉದ್ದ, 30 ಸೆಂಟಿಮೀಟರ್ ಆಳ. ತೀರ್ಪು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದವನಿಗೆ ಲೆಕ್ಕ ಹಾಕದೆ ತೀರ್ಪು ಹೇಳಲು ಬಾರದು.

ಮೊದಲು ಅಳತೆ ಎಂದರೇನು ಎಂದು ನೋಡೋಣ. ಮಾದರಿಯ ಪೆಟ್ಟಿಗೆಯ ಮೇಲೆ 1:72 ಎಂದು ಬರೆದಿರುತ್ತಾರೆ. ನಿಜವಾದ ವಿಮಾನ ಮಾದರಿಗಿಂತ 72 ಪಟ್ಟು ಉದ್ದ ಎಂದು ಅದರ ಅರ್ಥ. ಮಕ್ಕಳಿಗೆ 72 ವಿಚಿತ್ರ ಸಂಖ್ಯೆಯಾಗಿ ಕಾಣುತ್ತದೆ. ಅಡಿ, ಅಂಗುಲದಲ್ಲಿ ಓದಿದ ಅಜ್ಜ ಅಜ್ಜಿಯರಿಗೆ ಇದು ತಟ್ಟನೆ ಹೊಳೆಯುತ್ತದೆ: ಆರು ಅಡಿಗೆ 72 ಅಂಗುಲ. ಅಂದರೆ ಆರಡಿಯ ಆಳು ಒಂದಂಗುಲವಾಗುತ್ತಾನೆ. 1:48 ಎಂದರೆ ಒಂದಡಿಗೆ ಕಾಲಂಗುಲ. 1:144 ಎಂದರೆ ಹನ್ನೆರಡು ಅಡಿಗೆ ಒಂದಂಗುಲ. ಅವನ ಆರಂಗುಲದ ವೀರರು 1:12, ಅಡಿಗೆ ಒಂದಂಗುಲ.

ಈ ವೀರರ ಬೊಂಬೆಗಳಿಗೂ ಇಂಥದೇ ಕಥೆಯಿದೆ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೊ ಕಂಪನಿ ಜಿ.ಐ. ಜೋ ಎಂಬ ಸೈನಿಕನನ್ನು ಸುಮಾರು ಒಂದಡಿ ಎತ್ತರದಲ್ಲಿ ಮಾಡಿತು. ಗಂಡುಮಕ್ಕಳು ಬೊಂಬೆ ಎಂದರೆ ಕೊಳ್ಳಲಾರರು ಎಂದು ‘ಆ್ಯಕ್ಷನ್ ಫಿಗರ್’ ಎಂದು ಕರೆಯಿತು. ಒಂದಡಿಯ ಸೈನಿಕನಿಗೆ ಜೀಪು ಮಾಡಬಹುದು. ದೊಡ್ಡ ವಿಮಾನ ಮಾಡಿದರೆ ಮನೆಯಲ್ಲಿ ಜಾಗ ಸಾಲದು. 1978ರಲ್ಲಿ ಕೆನ್ನರ್ ಕಂಪನಿ ‘ಸ್ಟಾರ್ ವಾರ್ಸ್’ ಸಿನಿಮಾದ ಬೊಂಬೆಗಳನ್ನು ಮೂರೂಮುಕ್ಕಾಲು ಅಂಗುಲಕ್ಕೆ ಇಳಿಸಿತು. ಆಗ ಅವುಗಳ ಆಕಾಶನೌಕೆಗಳನ್ನೂ ಮಕ್ಕಳು ಕೈಯಲ್ಲಿ ಹಿಡಿಯುವಂತಾಯಿತು. 1982ರಲ್ಲಿ ಜಿ.ಐ. ಜೋ ಕೂಡ ಅದೇ ಎತ್ತರಕ್ಕೆ ಇಳಿದ. ನಮ್ಮಲ್ಲಿ ಫನ್‌ಸ್ಕೂಲ್‌ನವರು ಮಾರಿದ ಜಿ.ಐ. ಜೋ ಬೊಂಬೆಗಳನ್ನು ಈ ಮಕ್ಕಳ ಅಪ್ಪಂದಿರು ಇನ್ನೂ ಮರೆತಿರಲಾರರು.

ಮ್ಯೂಸಿಯಮ್ಮಿನಲ್ಲಿ ಮಕ್ಕಳಿಗೆ ಒಂದು ಕೆಲಸ ಹೇಳಿದೆ. ವಿಮಾನ ಮುಟ್ಟಬಾರದು, ಪಕ್ಕದಲ್ಲಿ ಹೆಜ್ಜೆ ಹಾಕಿ ಎಣಿಸಬೇಕು. ಕ್ಯಾನ್‌ಬೆರಾ ಬಾಂಬರಿನ ಮೂತಿಯಿಂದ ಬಾಲದವರೆಗೆ ನಡೆದು ಮೊಮ್ಮಗ ಎಣಿಕೆ ತಪ್ಪಿಸಿಕೊಂಡ. ಅದು ಸುಮಾರು 20 ಮೀಟರ್ ಉದ್ದ. ಅಜೀತ್ ಬರೀ 9 ಮೀಟರ್. ‘ತಾತ, ಇದು ಮರಿ ವಿಮಾನಾನಾ?’ ಎಂದ.

ಮರಿಯಲ್ಲ. ಅಜೀತ್‌ನ ಮೂಲ ನ್ಯಾಟ್ ಎಂಬ ಇಂಗ್ಲೆಂಡಿನ ವಿಮಾನ. ಪರವಾನಗಿ ಪಡೆದು ಎಚ್‌ಎಎಲ್ ಇಲ್ಲಿ ಅದನ್ನು ತಯಾರಿಸಿತು. 1965ರ ಯುದ್ಧದಲ್ಲಿ ಅದು ತನಗಿಂತ ದೊಡ್ಡದಾದ ಸೇಬರ್ ವಿಮಾನಗಳನ್ನು ಹೊಡೆದುರುಳಿಸಿ ಹೆಸರು ಮಾಡಿತು. ಅಷ್ಟು ಚಿಕ್ಕದನ್ನು ಆಕಾಶದಲ್ಲಿ ಶತ್ರು ಗುರುತಿಸುವುದೇ ಕಷ್ಟವಾಗಿತ್ತು. ಚಿಕ್ಕದಾಗಿರುವುದೇ ಅದರ ಬಲ. ಆಟಿಕೆ ಅಂಗಡಿಯಲ್ಲಿ ಎಲ್ಲ ವಿಮಾನಗಳನ್ನೂ ಒಂದೇ ಗಾತ್ರದ ಡಬ್ಬಿಗೆ ಹಿಡಿಯುವಂತೆ ಮಾಡಿರುತ್ತಾರೆ. ಹಾಗೆ ಮಾಡಿದ ನ್ಯಾಟ್ ಮತ್ತು ಕ್ಯಾನ್‌ಬೆರಾ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಸಮ ಕಾಣುತ್ತವೆ. ನ್ಯಾಟ್‌ನ ಕಥೆಯೇ ಅಲ್ಲಿ ಕಳೆದುಹೋಗುತ್ತದೆ. ಹಾಗಾಗಿ ನನ್ನ ಮೊದಲ ತೀರ್ಪು: ಅಳತೆ ಯಾವುದಾದರೂ ಇರಲಿ, ಎಲ್ಲಕ್ಕೂ ಒಂದೇ ಇರಬೇಕು. ಇದಕ್ಕೆ ಇಬ್ಬರೂ ಒಪ್ಪಿದರು.

ಅಳತೆ ಆರಿಸುವ ಕಷ್ಟ ಮಕ್ಕಳಿಗೆ ಮಾತ್ರ ಎಂದು ತಿಳಿಯಬೇಡಿ. ಮುರುಗೇಶಪಾಳ್ಯದಲ್ಲಿ ವಿಂಡ್ ಟನಲ್ ರೋಡ್ ಎಂಬ ರಸ್ತೆಯಿದೆ. ದಿನವೂ ಅಲ್ಲಿ ತರಕಾರಿ ಕೊಳ್ಳುವವರೂ ಆ ಹೆಸರೇಕೆ ಬಂತೆಂದು ಯೋಚಿಸಿರುವುದಿಲ್ಲ. ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನ ಗಾಳಿ ಸುರಂಗ ಅಲ್ಲಿದೆ. ವಿಮಾನದ ಚಿಕ್ಕ ಮಾದರಿಯನ್ನು ಸುರಂಗದೊಳಗೆ ನಿಲ್ಲಿಸಿ, ಶಬ್ದಕ್ಕಿಂತ ವೇಗವಾಗಿ ಗಾಳಿ ಹಾಯಿಸಿ ಪರೀಕ್ಷಿಸುತ್ತಾರೆ. ಪರೀಕ್ಷೆಯ ಜಾಗ 1.2 ಮೀಟರ್ ಅಗಲ, 1.2 ಮೀಟರ್ ಎತ್ತರ. ಮಾದರಿ ತೀರ ದೊಡ್ಡದಾದರೆ ಸುರಂಗದ ಗೋಡೆಗಳು ಗಾಳಿಯ ಹರಿವನ್ನು ಕೆಡಿಸಿ ಲೆಕ್ಕ ತಪ್ಪುತ್ತದೆ. ತೀರ ಚಿಕ್ಕದಾದರೆ ಸಣ್ಣ ವಿವರಗಳನ್ನು ಕೆತ್ತಲು ಆಗುವುದಿಲ್ಲ. ನಮ್ಮ ಷೆಲ್ಫಿನ ಸಮಸ್ಯೆಯೇ ಎಂಜಿನಿಯರುಗಳದೂ. ಇನ್ನು ಮಾರುತ್ ಯುದ್ಧವಿಮಾನ ಕಟ್ಟುವಾಗ ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್ ಅವರ ತಂಡ ನಿಜ ಗಾತ್ರದ ಮರದ ಗ್ಲೈಡರನ್ನೇ ಮಾಡಿಸಿ, 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ ಹಾರಿಸಿ ನೋಡಿತು. ಅದು ಒಂದಕ್ಕೊಂದರ ಮಾದರಿ!

1:72ಕ್ಕೆ ಇನ್ನೊಂದು ಚರಿತ್ರೆಯಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ 1942ರಲ್ಲಿ ಶಾಲಾ ಮಕ್ಕಳಿಗೆ ಐದು ಲಕ್ಷ ಮರದ ವಿಮಾನಗಳನ್ನು ಈ ಅಳತೆಯಲ್ಲಿ ಮಾಡಿಕೊಡಲು ಕೇಳಿಕೊಂಡಿತು. ನಮ್ಮದು ಯಾವುದು, ಶತ್ರುವಿನದು ಯಾವುದು ಎಂದು ಸೈನಿಕರು ದೂರದಿಂದಲೇ ಗುರುತಿಸಲು ಕಲಿಯಬೇಕಿತ್ತು. 35 ಅಡಿ ದೂರದಲ್ಲಿಟ್ಟ ಮಾದರಿ 2,520 ಅಡಿ ದೂರದ ನಿಜ ವಿಮಾನದಷ್ಟೇ ಕಾಣುತ್ತದೆ. ಬೇಕಿದ್ದರೆ 35ನ್ನು 72ರಿಂದ ಗುಣಿಸಿ ನೋಡಿ. ಮರುವರ್ಷ, ಅಂದರೆ 1943ರಿಂದ, ಅಮೆರಿಕದ ವಾಯುಪಡೆಯ ವಿಮಾನಗಳು ರಿಪೇರಿಗೆ ಬರುತ್ತಿದ್ದದ್ದು ನಮ್ಮ ಈ ವಿಮಾನಪುರದ ಕಾರ್ಖಾನೆಗೇ.

ಮನೆಗೆ ಬಂದು ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ತಿರುಗಿಸಿ ಹಾಸಿದೆವು. ದುಡ್ಡು ಕೊಡುವ ಮೊದಲು ಕಾಗದದಲ್ಲಿ ಕತ್ತರಿಸಿ ನೋಡುವುದು ಒಳ್ಳೆಯದು. ಇಬ್ಬರೂ ಉದ್ದ, ರೆಕ್ಕೆಯ ಅಗಲ ಬರೆದು ಭಾಗಿಸುತ್ತ ಹೋದರು.

1:48ರಲ್ಲಿ ಮಾರುತ್ 33 ಸೆಂಟಿಮೀಟರ್ ಉದ್ದವಾಯಿತು, ಕ್ಯಾನ್‌ಬೆರಾ 42. ಷೆಲ್ಫಿನ ಆಳ 30. ಬಾಂಬರಿನ ಬಾಲ ಅರ್ಧ ಗೇಣಿನಷ್ಟು ಹೊರಗೆ ಚಾಚಿತು. ಯಾರದಾದರೂ ತಲೆಗೆ ತಗಲುವುದು ಖಂಡಿತ. 1:144ರಲ್ಲಿ ಎಲ್ಲವೂ ಸಲೀಸಾಗಿ ಹಿಡಿದವು. ಆದರೆ ಎಚ್‌ಎಎಲ್ ತಾನೇ ವಿನ್ಯಾಸ ಮಾಡಿ 1951ರಲ್ಲಿ ಹಾರಿಸಿದ ಎಚ್‌ಟಿ-2, ಡಾ. ವಿ.ಎಂ. ಘಾಟಗೆ ಅವರ ತಂಡದ ಆ ಹೆಮ್ಮೆಯ ವಿಮಾನ, 5 ಸೆಂಟಿಮೀಟರಿಗೆ ಇಳಿಯಿತು. ಅದರೊಳಗಿನ ಪೈಲಟ್ ಕಾಬೂಲಿ ಕಡಲೆಗಿಂತ ಸ್ವಲ್ಪ ದೊಡ್ಡವನು. ಅದರ ಚಕ್ರ ಅಂಟಿಸಲು ನನ್ನ ಕನ್ನಡಕ ಸಾಲದು, ಕೈಯೂ ನಡುಗುತ್ತದೆ.

1:72ರಲ್ಲಿ ಕ್ಯಾನ್‌ಬೆರಾ 28 ಸೆಂಟಿಮೀಟರ್. ಸರಿಯಾಗಿ ಷೆಲ್ಫಿನೊಳಗೆ ಕೂತಿತು. ಎಚ್‌ಟಿ-2, ಕಿರಣ್, ಅಜೀತ್, ಮಾರುತ್, 2001ರ ಜನವರಿ 4ರಂದು ಇದೇ ರನ್‌ವೇಯಿಂದ ಮೊದಲು ಹಾರಿದ ತೇಜಸ್, ಕೊನೆಗೆ ಕ್ಯಾನ್‌ಬೆರಾ: ಆರರ ರೆಕ್ಕೆಗಳ ಅಗಲ ಕೂಡಿದರೆ 90 ಸೆಂಟಿಮೀಟರ್. ಷೆಲ್ಫು 100. ನಡುನಡುವೆ ಎರಡೆರಡು ಸೆಂಟಿಮೀಟರ್ ಉಳಿತಾಯ. ಲೆಡ್ಜರು ಇಷ್ಟು ಚೆನ್ನಾಗಿ ತಾಳೆಯಾಗುವುದು ಅಪರೂಪ!

ಮಕ್ಕಳು ಇನ್ನೊಂದು ಲೆಕ್ಕವನ್ನೂ ಮಾಡಲಿ. 1:72ಕ್ಕಿಂತ 1:48 ಒಂದೂವರೆ ಪಟ್ಟು ಉದ್ದ ಅಷ್ಟೇ. ಆದರೆ ಆಕ್ರಮಿಸುವ ನೆಲ ಎರಡೂಕಾಲು ಪಟ್ಟು, ಗಾತ್ರ ಮೂರು ಪಟ್ಟಿಗಿಂತ ಹೆಚ್ಚು. ಬೆಲೆಯೂ ಸಾಮಾನ್ಯವಾಗಿ ಅದರ ಹಿಂದೆಯೇ ಏರುತ್ತದೆ.

ಉಳಿದದ್ದು ಮೊಮ್ಮಗನ ವೀರ. ಅವನು ಕೂರುವಂಥ 1:12 ಮಾರುತ್ ಎಷ್ಟು ದೊಡ್ಡದೆಂದು ಅವನಿಂದಲೇ ಲೆಕ್ಕ ಮಾಡಿಸಿದೆ. 132 ಸೆಂಟಿಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಅವನೇ ಅದರೊಳಗೆ ಮಲಗಿ ನೋಡಿದ; ತಲೆಯಿಂದ ಪಾದದವರೆಗೆ ಸರಿಹೋಯಿತು. ಎದ್ದವನ ಮುಖ ಚಿಕ್ಕದಾಗಿತ್ತು. ಸಮಾಧಾನಕ್ಕೆಂದು ‘ಅಡ್ಜಸ್ಟ್ ಮಾಡೋಣ ಪುಟ್ಟ’ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಲೆಕ್ಕ ಅವನದೇ, ಉತ್ತರವೂ ಅವನದೇ.

ಅಂದು ಸಂಜೆ ಅವನಿಗೆ ಸುರಂಜನ್ ದಾಸ್ ರೋಡಿನ ಕಥೆ ಹೇಳಿದೆ. ಹಳೇ ಏರ್‌ಪೋರ್ಟ್ ರೋಡಿನಿಂದ ಹಳೇ ಮದ್ರಾಸ್ ರೋಡಿಗೆ ಹೋಗುವ, ಸದಾ ವಾಹನ ತುಂಬಿದ ರಸ್ತೆ. 1961ರ ಜೂನ್ 17ರಂದು ಮಾರುತ್ ವಿಮಾನವನ್ನು ಮೊದಲ ಬಾರಿ ಹಾರಿಸಿದವರು ಸುರಂಜನ್ ದಾಸ್. ಸುಮಾರು ಎಂಟೂವರೆ ವರ್ಷಗಳ ಮೇಲೆ, 1970ರ ಜನವರಿಯಲ್ಲಿ, ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ಅವರು ಪ್ರಾಣ ಕಳೆದುಕೊಂಡರು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಷೆಲ್ಫಿನ ಮುಂದೆ ಕುಳಿತು ಕ್ಯಾಲೆಂಡರ್ ಚೂರಿನಿಂದ ಪುಟ್ಟ ಪುಟ್ಟ ಮನುಷ್ಯರನ್ನು ಕತ್ತರಿಸುತ್ತಿದ್ದ. ಒಬ್ಬೊಬ್ಬರೂ 2.4 ಸೆಂಟಿಮೀಟರ್. ಪ್ರತಿ ಕಾಗದದ ವಿಮಾನದ ಪಕ್ಕದಲ್ಲೂ ಒಬ್ಬ ಪೈಲಟ್, ಒಬ್ಬ ಫಿಟ್ಟರ್. ‘ಇವರು ಸುರಂಜನ್ ದಾಸ್’ ಎಂದು ಮಾರುತ್ ಪಕ್ಕದವರನ್ನು ತೋರಿಸಿದ. ಆಮೇಲೆ ಅಕ್ಕನನ್ನು ಕರೆದು ಹೇಳಿದ: ‘ವಿಮಾನ ಎಲ್ಲಾ ಬೇರೆ ಬೇರೆ ಸೈಜು ಕಣೇ, ಮನುಷ್ಯರು ಮಾತ್ರ ಎಲ್ಲಾ ಒಂದೇ.’

ಒಂದೇ ಅಳತೆಯ ಲಾಭವನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನ್ಯಾಟ್‌ನಲ್ಲಿ ಮೈ ಮುದುಡಿ ಕೂತವನೂ, ಕ್ಯಾನ್‌ಬೆರಾದಲ್ಲಿ ಕೂತವನೂ, ಕೆಳಗೆ ಸ್ಪ್ಯಾನರ್ ಹಿಡಿದು ನಿಂತವನೂ ಅಲ್ಲಿ ಒಂದೇ ಎತ್ತರ.

ಹಾಗೆಂದು ಆರಂಗುಲದ ವೀರರನ್ನು ಮನೆಯಿಂದ ಹೊರಗೆ ಹಾಕಿಲ್ಲ. ನಮ್ಮ ದಸರೆಯ ಬೊಂಬೆ ಹಬ್ಬದಲ್ಲಿ ಅಂಗುಲದ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಪಟ್ಟದ ರಾಜ ರಾಣಿಯರು ಮೇಲೆ, ದೊಡ್ಡದಾಗಿ. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ ಶೆಟ್ಟಿತಿಯರು, ಮುಂದೆ ನಿಜವಾದ ಅಕ್ಕಿ ಬೇಳೆ. ಆನೆಗಿಂತ ದೊಡ್ಡ ಗಿಳಿಯೂ ಇರುತ್ತದೆ. ಗೌರವಕ್ಕೆ ತಕ್ಕ ಗಾತ್ರ, ಪ್ರೀತಿಗೆ ತಕ್ಕ ಜಾಗ. ಒಂದು ಮೆಟ್ಟಿಲು ಮೊಮ್ಮಗನಿಗೆ ಎಂದು ಅವನ ಅಜ್ಜಿ ಆಗಲೇ ಮಾತು ಕೊಟ್ಟಿದ್ದಾಳೆ.

ಡಬ್ಬಿಯ ಹಣದಲ್ಲಿ ಮೊದಲು ನ್ಯಾಟ್ ಬಂದಿದೆ, 1:72. ಅಂಟು ಒಣಗುತ್ತಿದೆ. ಮಾರುತ್ ಮತ್ತು ಎಚ್‌ಟಿ-2 ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥವಲ್ಲ. ಅವೆರಡನ್ನು ರಟ್ಟಿನಲ್ಲಿ ನಾವೇ ಮಾಡುತ್ತೇವೆ. ನೀವೂ ವಿಮಾನಪುರಕ್ಕೆ ಹೋದರೆ ಒಂದು ನೋಟುಪುಸ್ತಕ, ಒಂದು ಪೆನ್ಸಿಲ್ಲು ಒಯ್ಯಿರಿ. ಕ್ಯಾನ್‌ಬೆರಾ ಪಕ್ಕದಲ್ಲಿ ಹೆಜ್ಜೆ ಎಣಿಸಿ, ಆಮೇಲೆ ಅಜೀತ್ ಹತ್ತಿರ ಬನ್ನಿ.